ಕಣ್ಣೆತ್ತ, ಕೈಯೆತ್ತ: ಪತ್ರಿಕೆಗಳ ಜಾಹೀರಾತಿನಲ್ಲಿ ಅಧಿಕಾರದ ಮೈಮಾತು





ಬಸವಕಲ್ಯಾಣದಲ್ಲಿ ದತ್ತಿ ಉಪನ್ಯಾಸ ಎಂದಮೇಲೆ ವಚನದ ಮೇಲೋ ಶಾಸನದ ಮೇಲೋ ಮಾತಾಡುವುದು ರೂಢಿ. ನಾನು ಆರಿಸಿಕೊಂಡದ್ದು ಸೋಪು, ಕುಕ್ಕರು, ಸೀರೆ, ಬಂಗಾರದ ಜಾಹೀರಾತುಗಳನ್ನು. ಆಮಂತ್ರಣ ಪತ್ರಿಕೆ ನೋಡಿ ಕೆಲವರು ಹುಬ್ಬೇರಿಸಿರಬಹುದು; ತಪ್ಪಿಲ್ಲ. ವಾರಪತ್ರಿಕೆ ಕೈಗೆ ಬಂದರೆ ನಾವು ಕಥೆ ಓದುತ್ತೇವೆ, ಧಾರಾವಾಹಿ ಓದುತ್ತೇವೆ, ಪದಬಂಧ ಬಿಡಿಸುತ್ತೇವೆ. ಜಾಹೀರಾತನ್ನು ಯಾರೂ ಓದುವುದಿಲ್ಲ, ಪುಟ ಮಗುಚಿ ಮುಂದೆ ಹೋಗುತ್ತಾರೆ. ಆದರೆ ಮಗುಚುವಾಗ ಕಣ್ಣಿಗೆ ಬಿದ್ದದ್ದು ಬಿದ್ದೇ ಬೀಳುತ್ತದೆ. ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ಯಾರ ಕಣ್ಣು ಯಾರ ಮೇಲಿದೆ, ಯಾರ ಕೈಯಲ್ಲಿ ಏನಿದೆ, ಇದಿಷ್ಟೂ ನಮಗೆ ಗೊತ್ತಾಗದಂತೆ ಒಳಗೆ ಇಳಿದಿರುತ್ತದೆ. ಇವತ್ತು ಅದನ್ನು ಹೊರಗೆ ತೆಗೆದು ನೋಡೋಣ ಎಂಬುದಷ್ಟೇ ನನ್ನ ಉದ್ದೇಶ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಟಿವಿಯ ಜಾಹೀರಾತು, ಮೊಬೈಲಿನ ಜಾಹೀರಾತು ನನ್ನ ಮಾತಿನ ಹೊರಗಿವೆ. ಅಲ್ಲಿ ಚಿತ್ರ ಓಡುತ್ತದೆ, ಹಾಡು ಕೂಡಿಕೊಳ್ಳುತ್ತದೆ. ಅಚ್ಚಾದ ಪುಟದಲ್ಲಿ ಚಿತ್ರ ನಿಂತಿರುತ್ತದೆ. ಅಲ್ಲಿ ಒಂದು ಕಣ್ಣು, ಒಂದು ಕೈ, ಒಂದು ಭುಜವೇ ಇಡೀ ಕಥೆಯನ್ನು ಹೇಳಬೇಕು. ಹಾಗಾಗಿ ಛಾಯಾಗ್ರಾಹಕ ಒಂದು ಬೆರಳನ್ನೂ ಸುಮ್ಮನೆ ಬಿಟ್ಟಿರುವುದಿಲ್ಲ. ಮೊದಲು ನೋಟದ ಬಗ್ಗೆ ಮಾತಾಡುತ್ತೇನೆ. ಆಮೇಲೆ ಹೆಣ್ಣಿನ ಚಿತ್ರದಲ್ಲಿ ಕೈ ಮಾಡುವ ಕೆಲಸ ಅಥವಾ ಮಾಡದ ಕೆಲಸ. ಮೂರನೆಯದಾಗಿ ಕೂರುವ, ನಿಲ್ಲುವ, ಬಾಗುವ ರೀತಿ. ಕಾನೂನಿನ ಮಾತನ್ನೂ ಸ್ವಲ್ಪ ಸೇರಿಸುತ್ತೇನೆ.

ಈ ವಿಷಯವನ್ನು ಕಲ್ಯಾಣದಲ್ಲಿ ಮಾತಾಡುವುದಕ್ಕೆ ನನಗೆ ಒಂದು ಹಳೆಯ ಆಧಾರವಿದೆ. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಇಲ್ಲಿಂದಲೇ ಆಳಿದವನು. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತರಂತೆ ಐದು ಭಾಗ, ಒಟ್ಟು 100 ಅಧ್ಯಾಯ. ರಾಜ್ಯಭಾರ, ಆನೆ, ಬೇಟೆ, ಅಡುಗೆ, ಸಂಗೀತ ಎಲ್ಲವೂ ಇವೆ. ಇಡ್ಲಿಯ ಪೂರ್ವಜ ‘ಇಡ್ಡರಿಕಾ’ ಅದರಲ್ಲಿದೆ ಎಂಬುದನ್ನು ನಮ್ಮ ಪತ್ರಿಕೆಗಳು ವರ್ಷಕ್ಕೊಮ್ಮೆಯಾದರೂ ನೆನಪಿಸುತ್ತವೆ. ಅದೇ ಗ್ರಂಥದ ಚಿತ್ರಕಲೆಯ ಭಾಗವನ್ನು ಮಾತ್ರ ಯಾರೂ ನೆನಪಿಸುವುದಿಲ್ಲ.

ಆ ಭಾಗದಲ್ಲಿ ಸೋಮೇಶ್ವರ ಮನುಷ್ಯನ ಆಕೃತಿ ನೋಡುವವರ ಕಡೆಗೆ ಎಷ್ಟು ತಿರುಗಿದೆ ಎಂಬುದನ್ನು ‘ಸ್ಥಾನ’ಗಳಾಗಿ ವಿಂಗಡಿಸುತ್ತಾನೆ. ಮುಖ ಪೂರ್ತಿ ನಮ್ಮ ಕಡೆಗಿದ್ದರೆ ಋಜು. ಚೂರು ತಿರುಗಿದರೆ ಅರ್ಧರ್ಜು. ಇನ್ನಷ್ಟು ಓರೆಯಾದರೆ ಸಾಚಿ. ಮತ್ತೂ ತಿರುಗಿ ಒಂದು ಕಣ್ಣು ಪೂರ್ತಿ, ಇನ್ನೊಂದು ಅರ್ಧ ಕಂಡರೆ ಅಧ್ಯರ್ಧಾಕ್ಷಿ, ಅಂದರೆ ಒಂದೂವರೆ ಕಣ್ಣಿನ ಸ್ಥಾನ. ಪೂರ್ತಿ ಪಕ್ಕಕ್ಕೆ ತಿರುಗಿ ಒಂದೇ ಕಣ್ಣು ಕಂಡರೆ ಭಿತ್ತಿಕ. ಬ್ರಹ್ಮಸೂತ್ರ ಎಂಬ ನಡುಗೆರೆಯಿಂದ ಇಷ್ಟಿಷ್ಟು ಅಂಗುಲ ಎಂದು ಅಳತೆಯನ್ನೂ ಕೊಡುತ್ತಾನೆ. ಇಂದಿನ ಯಾವ ಫ್ಯಾಷನ್ ಫೋಟೋಗ್ರಾಫರನೂ ಈ ಐದನ್ನು ಬಿಟ್ಟು ಆರನೆಯ ಮುಖ ತೆಗೆಯಲಾರ.

ಈ ಐದು ಅಳತೆಗೋಲುಗಳನ್ನು ಹಿಡಿದು ಯಾವುದಾದರೂ ದೀಪಾವಳಿ ವಿಶೇಷಾಂಕ ತೆರೆಯಿರಿ. 1965ರಲ್ಲಿ ಹುಟ್ಟಿದ ‘ಸುಧಾ’, 1968ರ ‘ಮಯೂರ’, 1983ರ ‘ತರಂಗ’, ಯಾವುದಾದರೂ ಸರಿ. ವಿಶೇಷಾಂಕದ ತೂಕದಲ್ಲಿ ದೊಡ್ಡ ಪಾಲು ಜಾಹೀರಾತಿನದೇ. ಋಜುವಿನಲ್ಲಿ ಯಾರಿದ್ದಾರೆ? ದೇವರು, ರಾಜಕಾರಣಿ, ಆಸ್ಪತ್ರೆಯ ಮುಖ್ಯ ವೈದ್ಯರು, ಬ್ಯಾಂಕಿನ ಅಧ್ಯಕ್ಷರು, ಕೋಚಿಂಗ್ ಸಂಸ್ಥೆಯ ಸಂಸ್ಥಾಪಕರು. ಸಾಚಿಯಲ್ಲೂ ಒಂದೂವರೆ ಕಣ್ಣಿನಲ್ಲೂ ಯಾರಿದ್ದಾರೆ? ಬಂಗಾರ ಹಾಕಿಕೊಂಡ ಮದುಮಗಳು, ರೇಷ್ಮೆ ಸೀರೆ ಉಟ್ಟ ನಟಿ. ಭಿತ್ತಿಕದಲ್ಲಿ ಗಂಡನನ್ನೇ ನೋಡುತ್ತಿರುವ ಹೆಂಡತಿ. ಆ ಗಂಡ ಮಾತ್ರ ನಮ್ಮನ್ನು ನೋಡುತ್ತಿರುತ್ತಾನೆ. ಎಲ್ಲ ಕಾಲಕ್ಕೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಆದರೆ ಹತ್ತು ಪುಟ ಮಗುಚುವುದರೊಳಗೆ ಈ ಮೂರೂ ನಿಮಗೆ ಸಿಗುತ್ತವೆ.

ಈಗ ಮೊದಲನೆಯ ಭಾಗಕ್ಕೆ, ನೋಟಕ್ಕೆ ಬರುತ್ತೇನೆ.

ಪಶ್ಚಿಮದಲ್ಲಿ ಈ ಬಗ್ಗೆ ಬಹಳ ಬರೆದಿದ್ದಾರೆ. 1972ರಲ್ಲಿ ಜಾನ್ ಬರ್ಜರ್ ಬಿಬಿಸಿಯಲ್ಲಿ ಒಂದು ಸರಣಿ ಮಾಡಿ, ಅದನ್ನು ಪುಸ್ತಕವಾಗಿಯೂ ತಂದರು. ಯುರೋಪಿನ ಚಿತ್ರಗಳಲ್ಲಿ ಗಂಡು ನೋಡುತ್ತಾನೆ, ಹೆಣ್ಣು ತನ್ನನ್ನು ನೋಡುತ್ತಿದ್ದಾರೆ ಎಂಬ ಅರಿವಿನಲ್ಲೇ ನಿಂತಿರುತ್ತಾಳೆ ಎಂಬುದು ಅವರ ವಾದದ ತಿರುಳು. 1996ರಲ್ಲಿ ಗುಂಥರ್ ಕ್ರೆಸ್ ಮತ್ತು ಥಿಯೋ ವ್ಯಾನ್ ಲ್ಯೂವೆನ್ ಇನ್ನೊಂದು ಸೂತ್ರ ಕೊಟ್ಟರು. ಚಿತ್ರದಲ್ಲಿರುವವರು ನೇರ ನಮ್ಮನ್ನು ನೋಡಿದರೆ ಅವರು ನಮ್ಮಿಂದ ಏನನ್ನೋ ಕೇಳುತ್ತಿದ್ದಾರೆ. ಬೇರೆಡೆ ನೋಡಿದರೆ ತಮ್ಮನ್ನು ನಮ್ಮ ನೋಟಕ್ಕೆ ಒಪ್ಪಿಸಿದ್ದಾರೆ. ಉಪಯುಕ್ತ ಸೂತ್ರ, ನಾನೂ ಬಳಸುತ್ತೇನೆ. ಆದರೆ ನಮ್ಮ ಕಡೆ ಅದನ್ನು ಹಾಗೇ ತಂದು ಕೂರಿಸಿದರೆ ಕಾಲು ಅಲುಗಾಡುತ್ತದೆ.

ಯಾಕೆಂದರೆ ನಮ್ಮಲ್ಲಿ ನೇರ ನೋಟಕ್ಕೆ ಮೊದಲ ಹಕ್ಕುದಾರ ದೇವರು. ಶಿಲ್ಪಿ ಮೂರ್ತಿಯನ್ನೆಲ್ಲ ಕಡೆದು ಮುಗಿಸಿದರೂ ಕಣ್ಣು ತೆರೆಸುವುದು ಕೊನೆಗೆ, ವಿಧಿಪೂರ್ವಕವಾಗಿ. ನಾವು ಗುಡಿಗೆ ಹೋಗುವುದು ದೇವರನ್ನು ನೋಡಲು ಎಷ್ಟೋ, ದೇವರ ಕಣ್ಣಿಗೆ ಬೀಳಲೂ ಅಷ್ಟೇ. 1894ರಲ್ಲಿ ಮುಂಬಯಿಯಲ್ಲಿ ರಾಜಾ ರವಿವರ್ಮನ ಮುದ್ರಣಾಲಯ ಶುರುವಾದ ಮೇಲೆ ಈ ನೋಟ ಬಣ್ಣದ ಅಚ್ಚಿನಲ್ಲಿ ಮನೆಮನೆಯ ಗೋಡೆಗೆ ಬಂತು, ಮುಂದೆ ಕ್ಯಾಲೆಂಡರಿಗೆ ಇಳಿಯಿತು, ಕ್ಯಾಲೆಂಡರಿನ ಕೆಳಗೆ ಬೀಡಿಯ ಹೆಸರೋ ಬಟ್ಟೆ ಅಂಗಡಿಯ ಹೆಸರೋ ಸೇರಿತು. ನಮ್ಮ ಜಾಹೀರಾತಿನ ಋಜು ಮುಖ ಹುಟ್ಟಿದ್ದು ಅಲ್ಲಿ. ಲಕ್ಷ್ಮಿ ನಮ್ಮನ್ನು ನೋಡುವಾಗ ಏನನ್ನೂ ಕೇಳುತ್ತಿರುವುದಿಲ್ಲ, ಕೊಡುತ್ತಿರುತ್ತಾಳೆ. ಇಂದು ಪೂರ್ತಿ ಪುಟದ ಜಾಹೀರಾತಿನಲ್ಲಿ ಮಂತ್ರಿಗಳು ಕಣ್ಣಿಟ್ಟು ನಮ್ಮನ್ನು ನೋಡುವುದು ಲಕ್ಷ್ಮಿಯ ಜಾಗದಲ್ಲಿ ನಿಂತು. ಯೋಜನೆ ನಮ್ಮ ತೆರಿಗೆಯದು, ಕೃಪಾದೃಷ್ಟಿ ಮಾತ್ರ ಅವರದು.

ಮನುಷ್ಯರ ನಡುವೆ ನೇರ ನೋಟದ ಲೆಕ್ಕವೇ ಬೇರೆ. ಕೆಳಗಿದ್ದವನು ಮೇಲಿದ್ದವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೆ ಅದು ಉದ್ಧಟತನ. ಸೊಸೆ ಮಾವನ ಎದುರಿಗೆ, ಆಳು ಗೌಡನ ಎದುರಿಗೆ, ವಿದ್ಯಾರ್ಥಿ ಮೇಷ್ಟ್ರ ಎದುರಿಗೆ ಕಣ್ಣು ಕೆಳಗೆ ಹಾಕಬೇಕು. ಈ ಊರಿನಲ್ಲಿ ಹರಳಯ್ಯನವರ ಹೆಸರು ಹೇಳದೆ ಈ ಮಾತನ್ನು ಮುಗಿಸಲಾಗದು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾದಾಗ ಅರಸ ಬಿಜ್ಜಳ ಆ ಇಬ್ಬರು ತಂದೆಯರ ಕಣ್ಣನ್ನೂ ಕೀಳಿಸಿದನೆಂದು ಶರಣರ ಕಥನ ಪರಂಪರೆ ಹೇಳುತ್ತದೆ. ಸಮಾನವಾಗಿ ನೋಡಿದ ಕಣ್ಣಿಗೆ ಕೊಟ್ಟ ಶಿಕ್ಷೆ ಅದು. ಸೋಪಿನ ಜಾಹೀರಾತಿನ ಚರ್ಚೆಯಲ್ಲಿ ಈ ಕಥೆ ಭಾರವಾಯಿತೇನೋ. ಆದರೆ ಯಾರು ಯಾರನ್ನು ನೇರವಾಗಿ ನೋಡಬಹುದು ಎಂಬುದು ಈ ನೆಲದಲ್ಲಿ ಬರಿಯ ಸೌಂದರ್ಯದ ಪ್ರಶ್ನೆಯಾಗಿ ಎಂದೂ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಗಲಿಲ್ಲ.

ಹೀಗೆ ನಮ್ಮ ಜಾಹೀರಾತಿನಲ್ಲಿ ನೇರ ನೋಟಕ್ಕೆ ಎರಡು ವಂಶಗಳಿವೆ. ಒಂದು ದೇವರದು, ಇನ್ನೊಂದು ಸಮಾನತೆಯದು. ಮೊದಲನೆಯದು ಹಳೆಯದು, ಎರಡನೆಯದು ಹೊಸದು. ಕಾಲೇಜು ಹುಡುಗಿಯೊಬ್ಬಳು ಸ್ಕೂಟರಿನ ಹ್ಯಾಂಡಲ್ ಹಿಡಿದು ನಗದೆ ನಮ್ಮನ್ನು ನೋಡುವ ಚಿತ್ರ ಎರಡನೆಯ ವಂಶಕ್ಕೆ ಸೇರಿದ್ದು. ಅದು ಬಂದು ಬಹಳ ವರ್ಷ ಆಗಿಲ್ಲ. ನಗದೆ ಎಂಬುದನ್ನು ಗಮನಿಸಿ. ಗಂಡಸು ಜಾಹೀರಾತಿನಲ್ಲಿ ನಗಬೇಕಾಗಿಲ್ಲ. ಹೆಂಗಸು ನಗದಿದ್ದರೆ ಕಂಪನಿಯವರು ಫೋಟೋ ವಾಪಸ್ ಕಳಿಸುತ್ತಾರೆ.

ಇಲ್ಲಿಂದ ಎರಡನೆಯ ಭಾಗಕ್ಕೆ ದಾಟುತ್ತೇನೆ. ಇದು ನನ್ನ ಮಾತಿನ ಮುಖ್ಯ ಭಾಗ, ಹೆಚ್ಚು ಹೊತ್ತು ಇಲ್ಲೇ ನಿಲ್ಲುತ್ತೇನೆ.

ಕಣ್ಣನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ವಾಚಿನ ಜಾಹೀರಾತಿನಲ್ಲಿ ಗಂಡಸು ದೂರಕ್ಕೆ ನೋಡುತ್ತಾನೆ. ಸೀರೆಯ ಜಾಹೀರಾತಿನಲ್ಲಿ ಹೆಂಗಸೂ ದೂರಕ್ಕೆ ನೋಡುತ್ತಾಳೆ. ಇಬ್ಬರದೂ ಅದೇ ಸಾಚಿ ಸ್ಥಾನ. ಆದರೆ ಅವನನ್ನು ನೋಡಿದರೆ ಏನೋ ದೊಡ್ಡದನ್ನು ಯೋಚಿಸುತ್ತಿದ್ದಾನೆ ಅನಿಸುತ್ತದೆ, ಅವಳನ್ನು ನೋಡಿದರೆ ಕನಸು ಕಾಣುತ್ತಿದ್ದಾಳೆ ಅನಿಸುತ್ತದೆ. ವ್ಯತ್ಯಾಸ ಎಲ್ಲಿದೆ? ಕೈಯಲ್ಲಿದೆ. ಅವನ ಕೈ ಕೋಟಿನ ಗುಂಡಿ ಹಾಕುತ್ತಿದೆ, ಫೈಲು ಹಿಡಿದಿದೆ, ಕಾರಿನ ಬಾಗಿಲು ತೆಗೆಯುತ್ತಿದೆ. ಅವಳ ಕೈ ಸೆರಗಿನ ಅಂಚನ್ನು ಮುಟ್ಟಿದೆ, ಕಿವಿಯ ಜುಮಕಿಯನ್ನು ಮುಟ್ಟಿದೆ, ಗದ್ದವನ್ನು ಮುಟ್ಟಿದೆ. ಅವನದು ಹಿಡಿಯುವ ಕೈ, ಅವಳದು ಸವರುವ ಕೈ. ನೋಟದ ಅರ್ಥವನ್ನು ಕೈ ತೀರ್ಮಾನಿಸುತ್ತದೆ ಎಂಬುದು ನಾನು ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವ ಒಂದು ಮಾತು.

ಇದರ ಅರ್ಧ ಭಾಗ ನನ್ನದಲ್ಲ. ಕೆನಡಾದಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲಿ ಪತ್ರಿಕೆಗಳ ನೂರಾರು ಜಾಹೀರಾತು ಚಿತ್ರಗಳನ್ನು ಕತ್ತರಿಸಿ ಜೋಡಿಸಿ ಅಭ್ಯಾಸ ಮಾಡಿದರು. 1979ರಲ್ಲಿ ಅದು ಪುಸ್ತಕದ ರೂಪದಲ್ಲಿ ಬಂತು. ಹೆಂಗಸರ ಬೆರಳು ವಸ್ತುವನ್ನು ಗಟ್ಟಿಯಾಗಿ ಹಿಡಿಯದೆ ಬರಿದೆ ತಾಗುತ್ತದೆ, ತಲೆ ಒಂದು ಕಡೆ ವಾಲಿರುತ್ತದೆ, ಒಂದು ಮೊಣಕಾಲು ಮಡಿದಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ ಎಂದೆಲ್ಲ ಅವರು ತೋರಿಸಿದರು. ಪುಸ್ತಕದ ದೊಡ್ಡ ಗುಣವೆಂದರೆ ವಾದ ಕಡಿಮೆ, ಚಿತ್ರ ಹೆಚ್ಚು. ಅಮೆರಿಕದ ಚಿತ್ರಗಳನ್ನು ನೋಡುತ್ತಾ ಹೋದರೆ ನಮ್ಮ ಮದುವೆ ಆಲ್ಬಮ್ ನೆನಪಾಗುತ್ತದೆ. ಈ ಭಾಗದ ಯಾವುದೇ ಮದುವೆ ಮಂಟಪದಲ್ಲಿ ಫೋಟೋದವನ ಮಾತು ಕೇಳಿ: “ಅಕ್ಕಾ, ಜರಾ ಗದ್ದ ಕೆಳಗ ಮಾಡ್ರಿ, ಅವರ ಕಡಿ ನೋಡ್ರಿ. ಅಣ್ಣಾ, ನೀವು ಈ ಕಡಿ ನೋಡ್ರಿ, ಎದಿ ಸೆಟಿಸಿ ನಿಂದರ್ರಿ.” ಆ ಹುಡುಗ ಗಾಫ್‌ಮನ್‌ನನ್ನು ಓದಿಲ್ಲ. ಪತ್ರಿಕೆಯ ಜಾಹೀರಾತುಗಳನ್ನು ಮಾತ್ರ ಚೆನ್ನಾಗಿ ನೋಡಿದ್ದಾನೆ.

ಕನ್ನಡ ನಾಡಿನ ಸಂಬಂಧವಿರುವ ಒಂದು ಹೆಸರನ್ನು ಇಲ್ಲಿ ನೆನೆಯಬೇಕು. ಲೀಲಾ ಚಿಟ್ನಿಸ್, 1909ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಹಿಂದಿ ಚಿತ್ರರಂಗದ ದೊಡ್ಡ ನಟಿ. ಹಾಲಿವುಡ್ ತಾರೆಯರ ಮುಖದಿಂದ ಮಾರಾಟವಾಗುತ್ತಿದ್ದ ಲಕ್ಸ್ ಸೋಪಿಗೆ 1941ರಲ್ಲಿ ಮೊದಲ ಭಾರತೀಯ ತಾರೆಯಾಗಿ ಬಂದವರು ಅವರು. ಓದು ಬಲ್ಲ, ದುಡಿದು ಮನೆ ನಡೆಸಿದ ಹೆಣ್ಣುಮಗಳೊಬ್ಬಳು ತನ್ನ ಹೆಸರು ಮುಖಗಳನ್ನು ಮುಂದಿಟ್ಟು ಒಂದು ವಸ್ತುವನ್ನು ಶಿಫಾರಸು ಮಾಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಮನೆಯ ಹೆಂಗಸರ ಫೋಟೋ ಹೊರಗೆ ಹೋಗಬಾರದು ಎನ್ನುತ್ತಿದ್ದ ಕಾಲ. ಆದರೆ ಶಿಫಾರಸು ಯಾವುದರ ಬಗ್ಗೆ? ತನ್ನ ಚರ್ಮದ ಬಗ್ಗೆ. ಮಾತಾಡುವ ಹಕ್ಕು ಸಿಕ್ಕಿತು, ಮಾತಿನ ವಿಷಯ ಮಾತ್ರ ಬೇರೆಯವರು ಕೊಟ್ಟದ್ದು. ಲಕ್ಸ್‌ನ ನಂತರದ ನಾಯಕಿಯರೆಲ್ಲ ಇದೇ ಕರಾರಿನೊಳಗೆ ನಿಂತವರು.

ನಮ್ಮದೇ ಮೈಸೂರು ಸ್ಯಾಂಡಲ್ ಸೋಪು ಈ ದಾರಿಯಲ್ಲಿ ತಡವಾಗಿ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರ ಗಂಧದೆಣ್ಣೆ ಕಾರ್ಖಾನೆಯಿಂದ ಹೊರಟ ಕಥೆ ಅದು. ಸಿಂಹದ ಮೈ, ಆನೆಯ ತಲೆಯ ಶರಭ ಅದರ ಗುರುತು. ದಶಕಗಳ ಕಾಲ ಆ ಗುರುತು, ಆ ಪೆಟ್ಟಿಗೆ, ಆ ಪರಿಮಳವೇ ಸಾಕಾಗಿತ್ತು. 2006ರಲ್ಲಿ ಕ್ರಿಕೆಟಿಗ ಧೋನಿ ರಾಯಭಾರಿಯಾದರು. 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು 6.20 ಕೋಟಿ ರೂಪಾಯಿಗೆ ಗೊತ್ತುಮಾಡಿದಾಗ ರಾಜ್ಯದಲ್ಲಿ ದೊಡ್ಡ ಗಲಾಟೆಯೇ ಆಯಿತು. ಕನ್ನಡದ ನಟಿ ಸಿಗಲಿಲ್ಲವೇ ಎಂದು ಎಲ್ಲರೂ ಕೇಳಿದರು, ಮಂತ್ರಿಗಳು ಉತ್ತರ ಕೊಟ್ಟರು. ಯಾವ ಊರಿನವಳು ಎಂದು ಕೇಳಿದಷ್ಟು ಜನ, ಆ ಚಿತ್ರದಲ್ಲಿ ಅವಳ ಕೈ ಏನು ಮಾಡುತ್ತಿರುತ್ತದೆ ಎಂದು ಕೇಳಿದ್ದನ್ನು ನಾನು ಕಾಣೆ.

ಕುಕ್ಕರಿನ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಹೆಂಡತಿಯನ್ನು ಪ್ರೀತಿಸುವವನು ಪ್ರೆಸ್ಟೀಜ್ ಕುಕ್ಕರನ್ನು ಬೇಡವೆನ್ನಲಾರ ಎಂಬ ಅರ್ಥದ ಹಿಂದಿ ಘೋಷವಾಕ್ಯ ನಿಮಗೆಲ್ಲ ಗೊತ್ತು. ಅದರಲ್ಲಿ ಪ್ರೀತಿಸುವವನು ಅವನು, ಕೊಳ್ಳುವವನು ಅವನು. ಅಡುಗೆ ಯಾರು ಮಾಡುತ್ತಾರೆ ಎಂಬುದನ್ನು ಹೇಳುವ ಅಗತ್ಯವೇ ಬಿದ್ದಿಲ್ಲ. ಇಂಥ ಮಾತಿಗೆ ಹೊಂದುವ ಚಿತ್ರದಲ್ಲಿ ಹೆಂಡತಿಯ ಕಣ್ಣು ಗಂಡನ ಮೇಲೆ, ಗಂಡನ ಕಣ್ಣು ಕುಕ್ಕರಿನ ಮೇಲೆ ಇರಲೇಬೇಕು. ದಿನಾ ಮೂರು ಹೊತ್ತು ಆ ಹಿಡಿಕೆ ಹಿಡಿಯುವ ಕೈ ಜಾಹೀರಾತಿನಲ್ಲಿ ಹಿಡಿಕೆಯನ್ನು ಬಿಟ್ಟು ಗಂಡನ ತೋಳಿನ ಮೇಲಿರುತ್ತದೆ.

ಈಗ ನಿಮ್ಮನ್ನು ಹುಮನಾಬಾದ ತಾಲೂಕಿನ ಜಲಸಂಗ್ವಿಗೆ ಕರೆದೊಯ್ಯುತ್ತೇನೆ. ಅಲ್ಲಿಯ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಶಿಲಾಬಾಲಿಕೆಯರ ಸಾಲಿದೆ. ಅವರಲ್ಲಿ ಒಬ್ಬಳು ಶಾಸನ ಬರೆಯುತ್ತಿದ್ದಾಳೆ. ಮೈ ಮೂರು ಕಡೆ ಬಳುಕಿದೆ, ಸೊಂಟ, ಆಭರಣ, ಕೇಶಾಲಂಕಾರ ಎಲ್ಲವೂ ಶಿಲ್ಪಿಯ ಆ ಕಾಲದ ರೂಢಿಯಂತೆಯೇ ಇವೆ. ಆ ಮಟ್ಟಿಗೆ ಅವಳೂ ನೋಡುವವರಿಗಾಗಿ ನಿಲ್ಲಿಸಿದ ಹೆಣ್ಣೇ. ಆದರೆ ಅವಳು ನಮ್ಮನ್ನು ನೋಡುತ್ತಿಲ್ಲ. ಕೈ ಮೇಲೆತ್ತಿ ಅಕ್ಷರ ಮೂಡಿಸುತ್ತಿದ್ದಾಳೆ, ಮುಖ ಬರಹದ ಕಡೆಗಿದೆ. ಬರೆದಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಹೊಗಳಿಕೆ, ಅಂದಮೇಲೆ ಅದೂ ಒಂದು ಜಾಹೀರಾತೇ. ಹಣ ಕೊಟ್ಟವರ ಕೀರ್ತಿಯನ್ನು ಚೆಲುವೆಯೊಬ್ಬಳ ಪಕ್ಕದಲ್ಲಿ ಕೆತ್ತಿ, ಜನ ಓಡಾಡುವ ಕಡೆ ನಿಲ್ಲಿಸಿದ್ದಾರೆ. ರಾಜ ಚಿತ್ರದಲ್ಲಿ ಎಲ್ಲೂ ಇಲ್ಲ. ದೊಡ್ಡ ಅಧಿಕಾರ ತಾನೇ ಬಂದು ನಿಲ್ಲಬೇಕಾಗಿಲ್ಲ.

ಈ ಕಲ್ಲಿನ ಜಾಹೀರಾತನ್ನು ಸೀರೆಯ ಜಾಹೀರಾತಿನ ಪಕ್ಕದಲ್ಲಿಟ್ಟು ನೋಡಿ. ಇಬ್ಬರೂ ನಮ್ಮಿಂದ ಮುಖ ತಿರುಗಿಸಿದ್ದಾರೆ. ಸೀರೆಯವಳು ಯಾಕೆ ತಿರುಗಿದ್ದಾಳೆ ಎಂದರೆ ನಾವು ನಿಶ್ಚಿಂತೆಯಿಂದ ಅವಳನ್ನು ನೋಡಲಿ ಎಂದು. ಜಲಸಂಗ್ವಿಯವಳು ತಿರುಗಿರುವುದಕ್ಕೆ ಕಾರಣ ಅವಳಿಗೆ ಕೆಲಸವಿದೆ. ನಾವು ಹತ್ತಿರ ಹೋದರೆ ಅವಳ ಮೈಯಿಂದ ಅವಳ ಕೈಗೆ, ಕೈಯಿಂದ ಅಕ್ಷರಕ್ಕೆ ನಮ್ಮ ಕಣ್ಣು ಹೋಗಲೇಬೇಕು. ಶಿಲ್ಪಿ ಸ್ತ್ರೀವಾದಿಯಾಗಿದ್ದ ಎಂದು ನಾನು ವಾದಿಸುತ್ತಿಲ್ಲ. ಅವನು ತನ್ನ ರಾಜನನ್ನು ಮೆಚ್ಚಿಸಲು ಹೊರಟವನು. ಆದರೂ ಅಕ್ಷರ ಬಲ್ಲ ಹೆಣ್ಣಿನ ಕೈಯನ್ನು ಕಡೆಯುವಾಗ ಅದು ಸವರುವ ಕೈಯಾಗಲಿಲ್ಲ, ಹಿಡಿಯುವ ಕೈಯಾಯಿತು. ಅಷ್ಟಾದರೆ ಉಳಿದದ್ದೆಲ್ಲ ಬದಲಾಗುತ್ತದೆ. ಬೇಲೂರಿನ ದರ್ಪಣಸುಂದರಿಗೆ ಸಿಕ್ಕ ಪ್ರಚಾರದ ಕಾಲುಭಾಗವಾದರೂ ಜಲಸಂಗ್ವಿಯ ಈ ಲೇಖಕಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು. ಬೇಲೂರಿನವಳ ಕೈಯಲ್ಲಿರುವುದು ಕನ್ನಡಿ. ನಮ್ಮ ಜಾಹೀರಾತಿನವರು ಯಾರನ್ನು ಹಿಂಬಾಲಿಸಿದರು ಎಂದು ಹೇಳಬೇಕಾಗಿಲ್ಲ.

ಮೂರನೆಯ ಭಾಗ ಮೈಯ ನಿಲುವಿನದು. ಇಲ್ಲಿ ಗಾಫ್‌ಮನ್‌ರ ಜೊತೆ ನನಗೆ ಸಣ್ಣ ಜಗಳವಿದೆ.

ಎತ್ತರದಲ್ಲಿರುವವರು ಬಲಶಾಲಿಗಳು, ತಗ್ಗಿನಲ್ಲಿರುವವರು ಅಧೀನರು ಎಂಬುದು ಅವರ ಸೂತ್ರಗಳಲ್ಲಿ ಒಂದು. ಬಸವಕಲ್ಯಾಣದ 108 ಅಡಿಯ ಬಸವಣ್ಣನವರ ಪ್ರತಿಮೆಯ ಮುಂದೆ ಕತ್ತು ಹಿಂದೆ ಮಾಡಿ ನಿಂತವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯ ಕಾಲದ ಸ್ಟುಡಿಯೋ ಫೋಟೋ ಇದ್ದರೆ ತೆಗೆದು ನೋಡಿ. ಅಂಥ ಅನೇಕ ಫೋಟೋಗಳಲ್ಲಿ ಅಜ್ಜ ಕೋಟು ರುಮಾಲು ಧರಿಸಿ ಕುರ್ಚಿಯಲ್ಲಿ ಕುಳಿತಿದ್ದಾರೆ, ಎರಡೂ ಕೈ ಮೊಣಕಾಲ ಮೇಲೆ. ಅಜ್ಜಿ ಪಕ್ಕದಲ್ಲಿ ನಿಂತಿದ್ದಾಳೆ. ಎತ್ತರದಲ್ಲಿರುವವಳು ಅಜ್ಜಿ, ಅಧಿಕಾರ ಇರುವುದು ಅಜ್ಜನಿಗೆ. ನಮ್ಮಲ್ಲಿ ಆಸನವೇ ಅಧಿಕಾರ. ಕುಳಿತವನು ಒಡೆಯ, ನಿಂತವನು ಸೇವಕ. ದಲಿತರು ಕಟ್ಟೆಯ ಮೇಲೆ, ಹೊರಸಿನ ಮೇಲೆ ಕೂತದ್ದಕ್ಕೆ ಹೊಡೆತ ತಿಂದ ಊರುಗಳು ಈ ದೇಶದಲ್ಲಿ ಒಂದೆರಡಲ್ಲ. ಸೂಟು ತೊಟ್ಟು, ತೋರುಬೆರಳು ಎತ್ತಿ, ಇನ್ನೊಂದು ಕೈಯಲ್ಲಿ ಸಂವಿಧಾನ ಹಿಡಿದು ನಿಂತ ಬಾಬಾಸಾಹೇಬರ ಪ್ರತಿಮೆ ಊರೂರಿಗೆ ಯಾಕೆ ಬೇಕಾಯಿತು ಎಂಬುದಕ್ಕೂ ಉತ್ತರ ಇಲ್ಲಿದೆ. ಆ ಬೆರಳೂ ಆ ಪುಸ್ತಕವೂ ಹಿಡಿಯುವ ಕೈಯ ಮಾತುಗಳೇ.

ಇನ್ನೊಂದು ಉದಾಹರಣೆ ಕೈಕಟ್ಟುವುದು. ನಾವೆಲ್ಲ ಶಾಲೆಯಲ್ಲಿ “ಕೈ ಕಟ್ಟು, ಬಾಯಿ ಮುಚ್ಚು” ಎಂಬ ಆಜ್ಞೆಯಲ್ಲಿ ಬೆಳೆದವರು. ಎದೆಯ ಮೇಲೆ ಕೈಕಟ್ಟಿ ನಿಲ್ಲುವುದು ನಮ್ಮ ಕಡೆ ವಿಧೇಯತೆಯ ಗುರುತು. ಗೌಡರ ಎದುರಿಗೆ, ಸಾಹೇಬರ ಎದುರಿಗೆ, ಗುರುಗಳ ಎದುರಿಗೆ ಹಾಗೆ ನಿಲ್ಲುತ್ತಿದ್ದರು. ಈಗ ನೀಟ್ ಫಲಿತಾಂಶ ಬಂದ ಮರುದಿನದ ಪತ್ರಿಕೆ ತೆರೆಯಿರಿ. ರ‍್ಯಾಂಕ್ ಬಂದ ಮಕ್ಕಳೆಲ್ಲ ಅಂಚೆಚೀಟಿಯಷ್ಟು ಚಿಕ್ಕ ಫೋಟೋಗಳಲ್ಲಿ ಸಾಲಾಗಿ, ಋಜುವಾಗಿ, ಗಂಭೀರವಾಗಿ ಇದ್ದಾರೆ. ಪಕ್ಕದಲ್ಲಿ ಸಂಸ್ಥೆಯ ಮುಖ್ಯಸ್ಥರು ಅರ್ಧ ಪುಟದ ಎತ್ತರಕ್ಕೆ ನಿಂತಿದ್ದಾರೆ, ಎದೆಯ ಮೇಲೆ ಕೈಕಟ್ಟಿಕೊಂಡು. ಓದಿದವರು ಮಕ್ಕಳು, ಎತ್ತರ ಬೆಳೆದವರು ಅವರು. ಅವರ ಆ ಕೈಕಟ್ಟು ವಿದೇಶಿ ಕಂಪನಿಗಳ ವರದಿಗಳಿಂದ ಬಂದದ್ದು. ಅಲ್ಲಿ ಅದಕ್ಕೆ ಆತ್ಮವಿಶ್ವಾಸ ಎಂಬ ಅರ್ಥ. ನಮ್ಮ ಹಳ್ಳಿಯ ಹಿರಿಯರಿಗೆ ಅದೇ ಚಿತ್ರ ತೋರಿಸಿದರೆ, ಇವರು ಯಾರ ಮುಂದೆ ಇಷ್ಟು ನಮ್ರವಾಗಿ ನಿಂತಿದ್ದಾರೆ ಎಂದು ಕೇಳಿಯಾರು. ಒಂದೇ ಪುಟದಲ್ಲಿ ಎರಡು ಮೈಮಾತುಗಳು ಹೀಗೆ ಬೆರೆತಿರುತ್ತವೆ. ಅಮೆರಿಕದ ಪುಸ್ತಕ ಒಂದನ್ನು ಮಾತ್ರ ಓದಿಕೊಡುತ್ತದೆ.

ಬಾಗುವುದರ ಬಗ್ಗೆಯೂ ಹೇಳಬೇಕು. ಏರ್ ಇಂಡಿಯಾದ ಮಹಾರಾಜ ನಿಮಗೆ ಗೊತ್ತು. 1946ರಲ್ಲಿ ಬಾಬಿ ಕೂಕಾ ಎಂಬ ಅಧಿಕಾರಿ ಮತ್ತು ಉಮೇಶ್ ರಾವ್ ಎಂಬ ಕಲಾವಿದ ಸೇರಿ ಹುಟ್ಟುಹಾಕಿದ ಆಕೃತಿ ಅದು. ದೊಡ್ಡ ರುಮಾಲು, ದೊಡ್ಡ ಮೀಸೆ. ಒಂದು ಕೈ ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ, ಸೊಂಟ ಬಗ್ಗಿಸಿ ಪ್ರಯಾಣಿಕನಿಗೆ ನಮಿಸುತ್ತಾನೆ. ಆಗ ಬೀದರ ಜಿಲ್ಲೆ ನಿಜಾಮರ ಕೈಯಲ್ಲಿತ್ತು. ನಿಜವಾದ ಅರಸರ ದರ್ಬಾರಿನಲ್ಲಿ ಬಾಗುತ್ತಿದ್ದವರು ಪ್ರಜೆಗಳು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. ಜಾಹೀರಾತಿನ ಅರಸ ಮಾತ್ರ ಎರಡು ವರ್ಷ ಮೊದಲೇ, ಟಿಕೆಟ್ ಕೊಳ್ಳುವ ಶಕ್ತಿ ಇದ್ದವರ ಮುಂದೆ ಬಾಗಿ ನಿಂತಿದ್ದ. ಅವನ ಕಣ್ಣು ಮುಚ್ಚಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನೋಡುವ ಹಕ್ಕನ್ನೂ ಗಿರಾಕಿಗೆ ಬಿಟ್ಟುಕೊಟ್ಟಿದ್ದಾನೆ. ಆದರೂ ರುಮಾಲು, ಆಭರಣ ತೆಗೆದಿಲ್ಲ. ಯಾಕೆಂದರೆ ಬಾಗುವವನು ದೊಡ್ಡವನಾಗಿದ್ದರೆ ಮಾತ್ರ ಬಾಗುವುದಕ್ಕೆ ಬೆಲೆ. ಚುನಾವಣೆ ಹೊತ್ತಿನಲ್ಲಿ ಕೈಮುಗಿದು ನಿಲ್ಲುವ ಫ್ಲೆಕ್ಸುಗಳೆಲ್ಲ ಈ ಮಹಾರಾಜನ ಸಂತಾನವೇ. ಆ ಕೈಮುಗಿದ ನಾಯಕರ ಮೇಲೆ ಹೈಕಮಾಂಡಿನ ದುಂಡು ಮುಖಗಳು, ಕೆಳಗೆ ಫ್ಲೆಕ್ಸಿಗೆ ದುಡ್ಡು ಕೊಟ್ಟ ಹುಡುಗರ ಸಣ್ಣ ಸಣ್ಣ ಮುಖಗಳು. ನಮಸ್ಕಾರ ಯಾರಿಗೆ ಎಂದು ತಿಳಿಯಬೇಕಾದರೆ ಮುಖಗಳ ಗಾತ್ರ ಅಳೆದರಾಯಿತು.

ಕಲ್ಯಾಣದಲ್ಲಿ ಬಾಗುವುದಕ್ಕೆ ಬೇರೊಂದು ಲೆಕ್ಕವೂ ಇತ್ತು. ಹರಳಯ್ಯ “ಶರಣು” ಎಂದಾಗ ಬಸವಣ್ಣನವರು “ಶರಣು ಶರಣಾರ್ಥಿ” ಎಂದು ಒಂದು ಹೆಚ್ಚು ಹೇಳಿದರಂತೆ. ಆ ಹೆಚ್ಚಿನ ಒಂದನ್ನು ಹೊರಲಾರದೆ ಹರಳಯ್ಯ ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರಂತೆ. ಬಸವಣ್ಣನವರು ಅದನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡರಂತೆ. ಇಲ್ಲಿ ಬಾಗಿದ್ದಕ್ಕೆ ಪ್ರತಿಯಾಗಿ ಬಾಗುತ್ತಾರೆ. ಜಾಹೀರಾತಿನ ಬಾಗುವಿಕೆಗೆ ಪ್ರತಿಯಾಗಿ ನಾವು ಕೊಡಬೇಕಾದ್ದು ಹಣ ಅಥವಾ ಮತ. ವ್ಯತ್ಯಾಸ ಅಷ್ಟೇ, ಆದರೆ ಸಣ್ಣದಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. 1986ರಲ್ಲಿ ಮಹಿಳೆಯರ ಅಸಭ್ಯ ನಿರೂಪಣೆಯನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂತು. ಅದರ ಕಣ್ಣೆಲ್ಲ ಬಟ್ಟೆಯ ಮೇಲೆ. ಒಂಬತ್ತು ಗಜದ ಸೀರೆಯುಟ್ಟ ಹೆಂಗಸು ಗಂಡನ ಕಾಲ ಬಳಿ ಕುಳಿತು ಅವನ ಮುಖ ನೋಡುತ್ತಿದ್ದರೆ ಆ ಕಾಯಿದೆಗೆ ಅದರಲ್ಲಿ ಹೇಳಬೇಕಾದ್ದು ಏನೂ ಕಾಣುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾಗಿ ಯೋಚಿಸಿದ್ದು ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಮಾನಕ ಮಂಡಳಿ. 1975ರಿಂದ ಮಾರಾಟದಲ್ಲಿದ್ದ ಫೇರ್ ಅಂಡ್ ಲವ್ಲಿಯಂಥ ಕ್ರೀಮುಗಳ ಜಾಹೀರಾತುಗಳಿಗೆ 2014ರಲ್ಲಿ ಮಂಡಳಿ ನಿಯಮ ಮಾಡಿತು: ಕಪ್ಪು ಬಣ್ಣದವರ ಮುಖಭಾವವನ್ನು ದುಃಖಿತ, ಕಳೆಗುಂದಿದ, ಚಿಂತೆಗೀಡಾದ ಹಾಗೆ ತೋರಿಸುವಂತಿಲ್ಲ. ಒಂದು ನಿಯಮಾವಳಿ ಕಣ್ಣು ತುಟಿಗಳ ಬಗ್ಗೆ ಮಾತಾಡಿದ್ದು ನನಗೆ ಮೆಚ್ಚುಗೆಯಾಯಿತು. ಕ್ರೀಮಿನ ಹೆಸರು 2020ರಲ್ಲಿ ಬದಲಾಯಿತು. ವಸ್ತು ಅಂಗಡಿಯಲ್ಲಿ ಹಾಗೇ ಇದೆ.

ಸರ್ಕಾರಿ ಜಾಹೀರಾತಿನ ಮುಖಗಳ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2015ರ ಮೇ 13ರಂದು, ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಈ ಮೂವರದು ಬಿಟ್ಟು ಬೇರೆಯವರ ಫೋಟೋ ಹಾಕಕೂಡದು ಎಂದು ಕೋರ್ಟು ಹೇಳಿತು. ಮರುಪರಿಶೀಲನೆ ಕೇಳಿದವರಲ್ಲಿ ನಮ್ಮ ಕರ್ನಾಟಕ ಸರ್ಕಾರವೂ ಇತ್ತು. 2016ರ ಮಾರ್ಚಿನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿಗಳು, ಮಂತ್ರಿಗಳ ಮುಖಗಳೂ ಪುಟಕ್ಕೆ ಮರಳಿದವು. ಒಂದು ಫೋಟೋಕ್ಕಾಗಿ ಸರ್ಕಾರಗಳು ದೇಶದ ದೊಡ್ಡ ಕೋರ್ಟಿನ ಬಾಗಿಲು ತಟ್ಟುತ್ತವೆ ಎಂದರೆ, ಮುಖಕ್ಕೂ ಅಧಿಕಾರಕ್ಕೂ ಏನು ಸಂಬಂಧ ಎಂದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಗ್ರಂಥಾಲಯಗಳಲ್ಲಿ ವಾರಪತ್ರಿಕೆಗಳ ಹಳೆಯ ಬೈಂಡುಗಳಿರುತ್ತವೆ, ಬೀಜ ಗೊಬ್ಬರದ ಅಂಗಡಿಗಳಲ್ಲಿ ಕಂಪನಿಗಳ ಬಣ್ಣದ ಕಾಗದಗಳೂ ಕ್ಯಾಲೆಂಡರುಗಳೂ ಸಿಗುತ್ತವೆ. ತೊಗರಿ, ಸೋಯಾ, ಕಬ್ಬು ಬೆಳೆಯುವ ಜಿಲ್ಲೆ ನಮ್ಮದು. ನಮ್ಮನ್ನು ಉದ್ದೇಶಿಸಿದ ಜಾಹೀರಾತುಗಳು ಸೋಪಿಗಿಂತ ಹೆಚ್ಚಾಗಿ ಅಲ್ಲೇ ಇವೆ. ಬೀಜದ ಜಾಹೀರಾತಿನಲ್ಲಿ ರೈತ ಗಿಡ ಹಿಡಿದು ನಮ್ಮ ಕಡೆ ನಗುತ್ತಾನೆ. ಟ್ರ್ಯಾಕ್ಟರಿನ ಜಾಹೀರಾತಿನಲ್ಲಿ ಅವನ ಮಗ ಒಂದು ಕಾಲನ್ನು ಮೇಲಿಟ್ಟು ದೂರಕ್ಕೆ ನೋಡುತ್ತಾನೆ. ಬಿತ್ತುವ, ಕಳೆ ತೆಗೆಯುವ, ರಾಶಿ ಮಾಡುವ ಹೆಂಗಸರು ಒಂದೋ ಇರುವುದಿಲ್ಲ, ಇದ್ದರೆ ತಲೆಯ ಮೇಲೆ ಬುಟ್ಟಿ ಹೊತ್ತು ಹಿನ್ನೆಲೆಯಲ್ಲಿ ಮಸುಕಾಗಿರುತ್ತಾರೆ. ಪ್ರತಿ ಚಿತ್ರಕ್ಕೂ ನಾಲ್ಕು ಸಂಗತಿ ಬರೆದುಕೊಳ್ಳಿ: ಸೋಮೇಶ್ವರ ಹೇಳಿದ ಐದರಲ್ಲಿ ಯಾವ ಸ್ಥಾನ, ಕಣ್ಣು ಯಾರ ಮೇಲೆ, ಕೈ ಏನನ್ನು ಹಿಡಿದಿದೆ, ಕುಳಿತವರು ಯಾರು. ಅಂಗಡಿಯವರು ಏನು ಬರೆಯುತ್ತಿದ್ದೀರಿ ಎಂದು ಕೇಳಿದರೆ ತೋರಿಸಿ. ಕುಡಗೋಲು ಹಿಡಿದ ಹೆಂಗಸು ನೇರ ನಮ್ಮನ್ನು ನೋಡುವ ಒಂದು ಜಾಹೀರಾತು ಎಲ್ಲಾದರೂ ಸಿಕ್ಕಿದರೆ, ಯಾವ ಪತ್ರಿಕೆ, ಯಾವ ವರ್ಷ ಎಂದು ಗುರುತುಹಾಕಿ ನನಗೂ ಒಂದು ಪ್ರತಿ ಕಳಿಸಿಕೊಡಿ.